ಅಂತರಗಂಗೆಯೊಳಗಿನ ಗೂಡು

ತಾಯಲೂರಿನ ಕದಿರೇಶನಿಗೆ ಕೆರೆಯೆಂದರೆ ಮನೆಯಂಗಳವಿದ್ದಂತೆ. ಆ ವರ್ಷ ಮೀನಿನ ಹರಾಜು ಹಿಡಿದಿದ್ದ ಚನ್ನರಾಯಪ್ಪ, ನೀರನ್ನೆಲ್ಲ ಮುಚ್ಚಿಕೊಂಡಿದ್ದ ಅಂತರಗಂಗೆ ಗಿಡ ಕೀಳುವ ಕೆಲಸವನ್ನು ಅವನಿಗೇ ವಹಿಸಿದ. ಒಂದೂವರೆ ತಿಂಗಳ ಕೆಲಸ. ಬೆಳಗಾದರೆ ಕದಿರೇಶ ತೆಪ್ಪ ಹತ್ತಿ, ಕೊಕ್ಕೆ ಕಟ್ಟಿದ ಕೋಲಿನಿಂದ ಗಿಡ ಎಳೆದು ದಡಕ್ಕೆ ಸಾಗಿಸುತ್ತಿದ್ದ.

ಐದನೆಯ ದಿನ ಕೋಲು ಚಾಚಿದಾಗ ಎಲೆಗಳ ನಡುವಿನಿಂದ ಹಕ್ಕಿಯೊಂದು ಕಿರುಚುತ್ತಾ ಹೊರಬಿತ್ತು. ಕಪ್ಪು ಮೈ, ಕಂಚಿನ ಬಣ್ಣದ ರೆಕ್ಕೆ, ಎಲೆಯ ಮೇಲೆ ಮುಳುಗದೆ ನಡೆಯಲು ಜೇಡನ ಕಾಲಿನಂಥ ಉದ್ದುದ್ದ ಬೆರಳು. ರೆಕ್ಕೆ ಮುರಿದಂತೆ ಎಳೆದುಕೊಂಡು ತೆಪ್ಪದ ಮುಂದೆಯೇ ಹೊರಳಾಡಿತು. ಇವನು ಒಂದು ಮಾರು ಹಿಂಬಾಲಿಸಿದರೆ ಅದು ಇನ್ನೊಂದು ಮಾರು ಆಚೆಗೆ. ಸಾಕಷ್ಟು ದೂರ ಕರೆದೊಯ್ದು, ಏನೂ ಆಗಿಲ್ಲವೆಂಬಂತೆ ಹಾರಿಹೋಯಿತು. ಕದಿರೇಶನಿಗೆ ಅದರ ಆಟ ಅರ್ಥವಾಯಿತು. ಹಿಂದಿರುಗಿ ಹುಡುಕಿದರೆ, ಒದ್ದೆ ಎಲೆಗಳ ಮೇಲೆ ನಾಲ್ಕು ಮೊಟ್ಟೆ. ಎಣ್ಣೆ ಸವರಿದಂತೆ ಹೊಳೆಯುವ ಕಂದು ಬಣ್ಣ, ಮೇಲೆಲ್ಲ ಮಗು ಗೀಚಿದಂಥ ಕಪ್ಪು ಗೆರೆ.

ಅವನು ಸುತ್ತ ಒಂದು ಕಣದಷ್ಟು ಗಿಡ ಬಿಟ್ಟು ಮುಂದೆ ಹೋದ.

ಕೆಲಸದ ನಡುನಡುವೆ ಅತ್ತ ಕಣ್ಣು ಹಾಯಿಸುವುದು ರೂಢಿಯಾಯಿತು. ಹದಿನೈದು ದಿನ ಕಳೆದ ಮೇಲೆ, ಊಟ ತಂದ ಹೆಂಡತಿ ವೆಂಕಟಲಕ್ಷ್ಮಿಗೆ ಏರಿಯ ಮೇಲೆ ಕೂತು ಹೇಳಿದ:

"ಕಾವು ಕೂತಿರೋದು ಗಂಡು ಕಣೇ! ಹೆಣ್ಣು ದಪ್ಪಗಿದೆ. ಮೊಟ್ಟೆ ಇಟ್ಬಿಟ್ಟು, ಆಚೆ ದಡದಾಗೆ ಇನ್ನೊಂದು ಗಂಡಿನ ಜೊತೆ ಸಂಸಾರ ಹೂಡ್ಯದೆ."

"ಹಂಗಾದ್ರೆ ಇದಕ್ಕೆ ಹಸಿವಾದ್ರೆ?"

"ಗಳಿಗೆ ಎದ್ದು ನಾಲ್ಕು ಹುಳ ಹೆಕ್ತದೆ, ಓಡ್ಬಂದು ಕೂತ್ಕೊಂತದೆ."

"ನಮ್ ಸೀನ ಹುಟ್ದಾಗ ಅವನ್ನ ಎತ್ಕೊಳ್ಳೋಕೆ ಮೂರು ತಿಂಗಳು ಹೆದರಿದ್ರಿ ನೀವು," ಎಂದು ಅವಳು ನಕ್ಕಳು.

ಆ ವಾರ ಎರಡು ದಿನ ಜಡಿಮಳೆ ಹಿಡಿಯಿತು. ಮಳೆ ನಿಂತ ಕೂಡಲೇ ಕದಿರೇಶ ತೆಪ್ಪ ಬಿಟ್ಟ. ಏರಿದ ನೀರು ಗೂಡಿನೊಳಗೆ ನುಗ್ಗಿತ್ತು. ಒಂದು ಮೊಟ್ಟೆ ಜಾರಿಹೋಗಿತ್ತು. ಹಕ್ಕಿ ಉಳಿದ ಮೂರನ್ನು ರೆಕ್ಕೆ ಮತ್ತು ಎದೆಯ ನಡುವೆ ಅವುಚಿ ಹಿಡಿದು, ಕೂತಲ್ಲಿಂದಲೇ ಕೊಕ್ಕಿಗೆ ಸಿಕ್ಕ ದಂಟುಗಳನ್ನೆಲ್ಲ ಎಳೆದೆಳೆದು ಅಡಿಗೆ ಸೇರಿಸುತ್ತಿತ್ತು. ಗೇಣುದ್ದದ ಜೀವದ ಈ ಹಟ ಕಂಡು ಅವನು ತೇಲುತ್ತಿದ್ದ ನಾಲ್ಕು ದಂಟುಗಳನ್ನು ಕೋಲಿನಿಂದ ಮೆಲ್ಲಗೆ ಅದರತ್ತ ತಳ್ಳಿದ.

ತಿಂಗಳು ತುಂಬಿದ ಮೇಲೆ ಚನ್ನರಾಯಪ್ಪ ಬಂದ. "ಏನ್ಲಾ, ಕೆರೆ ನಡುವೆ ತೋಟ ಬೆಳೆಸ್ತಿದ್ದೀಯಾ? ನಾಳೆ ಬಲೆ ಬಿಡ್ಬೇಕು. ಕಿತ್ತಾಕು ಅದನ್ನ."

"ಅಣ್ಣಾ, ಒಂದ್ಸಲ ಬಂದು ನೋಡಿ. ಆಮೇಲೂ ಕೀಳು ಅಂದ್ರೆ ಕೀಳ್ತೀನಿ."

ಗೊಣಗುತ್ತಲೇ ಚನ್ನರಾಯಪ್ಪ ತೆಪ್ಪ ಹತ್ತಿದ. ಹಿಂದಿನ ದಿನವಷ್ಟೇ ಮೊಟ್ಟೆಯೊಡೆದಿದ್ದ ಮೂರು ಮರಿಗಳು ಎಲೆಯಿಂದ ಎಲೆಗೆ ಓಡಾಡುತ್ತಿದ್ದವು. ಅಷ್ಟರಲ್ಲಿ ಗರುಡನ ನೆರಳು ನೀರಿನ ಮೇಲೆ ಹಾಯಿತು. ಹಕ್ಕಿ ಸಣ್ಣಗೆ ಕೂಗಿ, ಮಂಡಿಯೂರಿದಂತೆ ಕುಸಿದು ರೆಕ್ಕೆ ಅರಳಿಸಿತು. ಮರಿಗಳು ಓಡಿಬಂದು ಒಳಗೆ ನುಗ್ಗಿದವು. ಹಕ್ಕಿ ರೆಕ್ಕೆ ಮಡಚಿ, ಎದ್ದು ನಡೆಯಿತು. ರೆಕ್ಕೆಗಳ ಕೆಳಗೆ ಕಡ್ಡಿಯಂಥ ಕಾಲುಗಳು ಜೋತಾಡುತ್ತಿದ್ದವು.

"ಏಮಿರಾ ಇದಿ! ಎಂಟು ಕಾಲು ಕಣೋ ಈ ಹಕ್ಕಿಗೆ!" ಬೆರಗಿನಲ್ಲಿ ತೆಲುಗು ಬೆರೆಸಿ ಚನ್ನರಾಯಪ್ಪ ಪಿಸುಗುಟ್ಟಿದ.

ಜೊಂಡಿನ ಮರೆಗೆ ಹೋಗಿ ಹಕ್ಕಿ ಮರಿಗಳನ್ನು ಇಳಿಸುವವರೆಗೂ ಇಬ್ಬರೂ ತೆಪ್ಪ ಅಲುಗದಂತೆ ಕೂತಿದ್ದರು.

"ತಾಯಿ ಅಂದ್ರೆ ತಾಯೀನೇ," ಎಂದ ಚನ್ನರಾಯಪ್ಪ.

"ಅದು ಅಪ್ಪ, ಅಣ್ಣಾ."

ಚನ್ನರಾಯಪ್ಪ ಜೊಂಡಿನತ್ತ ಮತ್ತೆ ಬಗ್ಗಿ ನೋಡಿದ. ಕೊನೆಗೆ, "ಬಲೆ ಆ ಕಡೆಯಿಂದ ಬಿಡೋಣ. ಇವು ಹಾರೋವರ್ಗೂ ಇಲ್ಲಿ ಕೋಲು ಹಾಕ್ಬೇಡ," ಎಂದ.

ಮೂರರಲ್ಲಿ ಒಂದನ್ನು ಆ ವಾರವೇ ಗರುಡ ಎತ್ತಿಕೊಂಡು ಹೋಯಿತು. ಸಂಜೆಯವರೆಗೂ ಹಕ್ಕಿ ಎಲೆಯೆಲೆಯನ್ನೂ ಸುತ್ತಿ ಕೂಗಿತು. ಮರುದಿನ ಮತ್ತೆ ಉಳಿದೆರಡರ ಹಿಂದೆ ಕಾವಲಿಗೆ ನಿಂತಿತು.

ಭಾನುವಾರ ಕದಿರೇಶ ಹೆಂಡತಿಯನ್ನು ಕರೆತಂದ. ನೀರೆಂದರೆ ಹೆದರುವ ವೆಂಕಟಲಕ್ಷ್ಮಿ ತೆಪ್ಪದ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು. ಎರಡು ಮರಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಹಕ್ಕಿ ಎದ್ದು ಹೊರಟದ್ದೇ ತಡ, ಅವಳಿಗೆ ಹೆದರಿಕೆಯೆಲ್ಲ ಮರೆತುಹೋಯಿತು. "ಅಯ್ಯೋ ನನ್ನಪ್ಪಾ!" ಎನ್ನುತ್ತಾ ನಿಂತೇಬಿಟ್ಟಳು.

"ಕೂತ್ಕೊಳ್ಳೇ!" ಎಂದು ಕದಿರೇಶ ಕೂಗುವಷ್ಟರಲ್ಲಿ ತೆಪ್ಪ ವಾಲಿ ನೀರು ನುಗ್ಗಿ, ಇಬ್ಬರೂ ಸೊಂಟದವರೆಗೆ ನೆನೆದಿದ್ದರು.