ಎರಡು ಟ್ಯೂಬು, ಎರಡು ಮಾತು

ನೆಲ್ಲಿ ತಿಕೊನಾ ನಮ್ಮ ಲ್ಯಾಬಿಗೆ ಬರುವ ಹೊತ್ತಿಗೆ ಗಾಮಾ ಕೌಂಟರಿಗೆ ಆಗಲೇ ವಯಸ್ಸಾಗಿತ್ತು. ಲಾ ಪಾಸ್‌ನ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಸೀಸದ ಮೈಯ ಆ ಯಂತ್ರ ಕೂತಿತ್ತು. ಅದಕ್ಕೆ ಹತ್ತು ಕುಳಿ. ಒಂದೊಂದರಲ್ಲಿ ಒಂದೊಂದು ಟ್ಯೂಬು ಇಟ್ಟರೆ ಒಳಗಿನ ವಿಕಿರಣವನ್ನು ಎಣಿಸಿ ಪಕ್ಕದ ಕಂಪ್ಯೂಟರಿಗೆ ದಾಟಿಸುತ್ತಿತ್ತು. ಟ್ಯೂಬುಗಳನ್ನು ತಯಾರು ಮಾಡುವುದು ನನ್ನ ಕೆಲಸ. ಎಣಿಕೆಯಿಂದ ಫಲಿತಾಂಶ ತೆಗೆದು ಸಹಿ ಹಾಕುವುದು ನೆಲ್ಲಿಯ ಕೆಲಸ.

ಎತ್ತರದ ಬಯಲಿನ ಊರುಗಳಲ್ಲಿ ಹುಟ್ಟಿದ ಮಕ್ಕಳ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ ನಮಗೆ ಕಳಿಸುತ್ತಿದ್ದರು. ಕತ್ತಿನ ಥೈರಾಯ್ಡ್ ಗ್ರಂಥಿ ಕೆಲಸ ಮಾಡದಿದ್ದರೆ, ಅದನ್ನು ಎಬ್ಬಿಸಲೆಂದು ಮೆದುಳಿನ ತಳದಿಂದ ಒಂದು ಹಾರ್ಮೋನು ರಾಶಿರಾಶಿಯಾಗಿ ಹೊರಡುತ್ತದೆ. ನಾವು ಅಳೆಯುತ್ತಿದ್ದದ್ದು ಅದನ್ನು. ಹೊಸಬರಿಗೆ ಈ ಪರೀಕ್ಷೆ ವಿವರಿಸುವಾಗ ನೆಲ್ಲಿ ಮಿನಿಬಸ್ಸಿನ ಮಾತು ತೆಗೆಯುತ್ತಿದ್ದಳು. ಬಸ್ಸಿನಲ್ಲಿ ಇರುವುದು ಇಷ್ಟೇ ಸೀಟು. ನಾವು ವಿಕಿರಣ ಅಂಟಿಸಿ ಬಿಟ್ಟ ಹಾರ್ಮೋನಿಗೂ ಮಗುವಿನ ರಕ್ತದ ಹಾರ್ಮೋನಿಗೂ ಸೀಟಿಗಾಗಿ ತಳ್ಳಾಟ. ಮಗುವಿನದು ಜಾಸ್ತಿಯಿದ್ದರೆ ನಮ್ಮದಕ್ಕೆ ಜಾಗ ಸಿಗುವುದಿಲ್ಲ, ಯಂತ್ರದ ಎಣಿಕೆ ಇಳಿಯುತ್ತದೆ. ಆದ್ದರಿಂದ ನಮ್ಮಲ್ಲಿ ಕಡಿಮೆ ಅಂಕಿ ಬಂದರೇ ಭಯ.

ರಸ್ತೆ ತಡೆ ಶುರುವಾದ ವಾರ ಅದು. ರೈತರು ಸರೋವರದ ಕಡೆಯ ಹೆದ್ದಾರಿಯಲ್ಲಿ ಕಲ್ಲು ಸುರಿದು ಕೂತಿದ್ದರು. ಹೊಸ ರಕ್ತದ ಕಾಗದಗಳು ಬರುವುದು ನಿಂತಿತ್ತು, ಇದ್ದವನ್ನೇ ಮುಗಿಸುತ್ತಿದ್ದೆವು. ಪ್ರತಿ ಮಗುವಿಗೂ ಎರಡು ಟ್ಯೂಬು. ಎರಡರ ಸರಾಸರಿಯನ್ನು ಕಂಪ್ಯೂಟರೇ ತೆಗೆದು ಗ್ರಾಫಿಗೆ ಹಾಕಿ ಉತ್ತರ ಕೊಡುತ್ತಿತ್ತು. ಅವತ್ತು ಎಲ್ಲ ಮಕ್ಕಳ ಹೆಸರಿನ ಮುಂದೆಯೂ 'ಸರಿಯಿದೆ' ಎಂದೇ ಬಂತು. ನಾನು ಕೈ ತೊಳೆದುಕೊಂಡು ಬರುವಷ್ಟರಲ್ಲಿ ನೆಲ್ಲಿ ಉತ್ತರಗಳನ್ನು ಬಿಟ್ಟು ಹಿಂದಿನ ಪುಟದ ಬರಿಯ ಎಣಿಕೆಗಳ ಮೇಲೆ ಬೆರಳಾಡಿಸುತ್ತಿದ್ದಳು. ಅದು ಅವಳ ಅಭ್ಯಾಸ.

"ಎಲ್ವಿರಾ, ಇಲ್ಲಿ ನೋಡೇ," ಎಂದಳು. "ಒಂದೇ ಮಗು, ಒಂದೇ ರಕ್ತ. ಒಂದು ಟ್ಯೂಬು ಏನೂ ಇಲ್ಲ ಅಂತಿದೆ, ಇನ್ನೊಂದು ಎದೆ ಬಡ್ಕೊಳ್ತಿದೆ."

ಮಗುವಿನ ತಾಯಿಯ ಹೆಸರು ಸಬಿನಾ ಚುರಾ, ಊರು ಸರೋವರದ ದಂಡೆಯ ಕೊಲ್ಕೆಪಾತಾ. ಎರಡು ಎಣಿಕೆಗೂ ಅಜಗಜಾಂತರ. ಕಂಪ್ಯೂಟರು ಎರಡನ್ನೂ ಕೂಡಿಸಿ ಭಾಗಿಸಿ, ಗೆರೆಯ ಈಚೆಗೆ ಕೂದಲೆಳೆಯಷ್ಟು ಬಂದಿದೆಯೆಂದು ಮಗುವನ್ನು ಪಾಸು ಮಾಡಿತ್ತು.

ನಮ್ಮ ಮುಖ್ಯಸ್ಥರು ಡಾಕ್ಟರ್ ಅರಮಾಯೋ. ಒಳ್ಳೆಯ ಮನುಷ್ಯ, ಯಂತ್ರದ ಹುಳುಕೂ ಬಲ್ಲವರು. ಆರನೆಯ ಕುಳಿ ಹಿಂದಿನ ತಿಂಗಳು ಮಂಕಾಗಿ ಎಲ್ಲವನ್ನೂ ಕಮ್ಮಿ ಎಣಿಸಿತ್ತು. ಕಡಿಮೆ ಎಣಿಕೆಯ ಟ್ಯೂಬು ಇದ್ದದ್ದು ಅದರಲ್ಲೇ ಎಂದು ತಿಳಿದ ಕೂಡಲೇ ಅವರು ಸಮಾಧಾನಗೊಂಡರು. ನೆಲ್ಲಿ ಎರಡು ಟ್ಯೂಬನ್ನೂ ಅದಲುಬದಲು ಮಾಡಿ ಮತ್ತೆ ಎಣಿಸಿದಳು. ಆರನೆಯ ಕುಳಿಗೆ ಹೋದ ಟ್ಯೂಬು ಅಲ್ಲಿಯೂ ಹೆಚ್ಚೇ ತೋರಿಸಿತು. ಕಡಿಮೆಯದು ಬೇರೆ ಕುಳಿಯಲ್ಲಿಯೂ ಕಡಿಮೆಯೇ. ತಪ್ಪು ಕುಳಿಯದಲ್ಲ.

ಇನ್ನು ಉಳಿದದ್ದು ಎರಡು ಸಾಧ್ಯತೆ. ಕೊನೆಗೆ ನೀರು ಚೆಲ್ಲುವಾಗ, ಸೀಟು ಹಿಡಿದ ಹಾರ್ಮೋನನ್ನು ಹೊತ್ತು ತಳದಲ್ಲಿ ಕೂತ ಕಣಗಳೂ ಸ್ವಲ್ಪ ಹರಿದುಹೋಗಿದ್ದರೆ ಎಣಿಕೆ ಸುಳ್ಳೇ ಇಳಿಯುತ್ತದೆ. ಸೀಟು ಸಿಗದ ಹಾರ್ಮೋನಿರುವ ಆ ನೀರು ಪೂರ್ತಿ ಬಸಿಯದೆ ಉಳಿದಿದ್ದರೆ ಸುಳ್ಳೇ ಏರುತ್ತದೆ. ಮೊದಲನೆಯದಾದರೆ ಮಗು ಆರೋಗ್ಯವಾಗಿದೆ, ಎರಡನೆಯದಾದರೆ ಕಾಯಿಲೆ ಇದೆ. ಯಾವುದೆಂದು ಹೇಳಲು ಮತ್ತೆ ಪರೀಕ್ಷೆ ಮಾಡಬೇಕು, ಆದರೆ ಆ ಮಗುವಿನ ಕಾಗದದಲ್ಲಿ ರಕ್ತ ಉಳಿದಿರಲಿಲ್ಲ. ಒಂದೇ ಒಂದು ಚುಕ್ಕೆ ಬಂದಿತ್ತು, ಅದರಿಂದಲೇ ಎರಡೂ ಟ್ಯೂಬಿಗೆ ಕತ್ತರಿಸಿದ್ದೆವು.

ಡಾಕ್ಟರು ಊರಿನ ಆರೋಗ್ಯ ಕೇಂದ್ರಕ್ಕೆ ರೇಡಿಯೋದಲ್ಲಿ ಹೇಳಿ ಕಳಿಸೋಣ, ರಸ್ತೆ ತೆರೆದಾಗ ರಕ್ತ ತರಿಸೋಣ ಎಂದರು. ನೆಲ್ಲಿಯೂ ಒಪ್ಪಿದಳು. ಮಧ್ಯಾಹ್ನ ಅಲ್ಲಿಯ ನರ್ಸ್ ಉತ್ತರ ಕೊಟ್ಟಳು. ಮಗು ಚೆನ್ನಾಗಿದೆ, ಗಾಬರಿ ಬೇಡ. ಅಳುವುದೇ ಇಲ್ಲ, ಇಡೀ ದಿನ ಮಲಗುತ್ತದೆ, ಹಾಲಿಗೂ ಎಬ್ಬಿಸಬೇಕು, ಇಂಥ ಸಾಧು ಮಗು ಸಿಕ್ಕಿದ್ದು ಪುಣ್ಯ ಎನ್ನುತ್ತಾಳಂತೆ ಅಜ್ಜಿ.

ನೆಲ್ಲಿ ರೇಡಿಯೋ ಇಟ್ಟಳು. ನೇರ ಡಾಕ್ಟರ ಕೋಣೆಗೆ ಹೋದಳು.

"ನಾಳೆ ನಾನು ಹೋಗ್ತೀನಿ, ಡಾಕ್ಟ್ರೇ. ಈ ಕಾಯಿಲೆ ಇರೋ ಮಕ್ಕಳು ಹೀಗೇ ಇರ್ತಾವೆ ಅಂತ ನಮಗೆ ಕಲಿಸಿದವರು ನೀವೇ. ಒಂದೊಂದು ವಾರ ತಡವಾದ್ರೂ ಅದರ ಮೆದುಳಿಂದ ಕಿತ್ಕೊಂಡ ಹಾಗೆ."

"ರಸ್ತೆ ತುಂಬ ಕಲ್ಲು ಬಿದ್ದಿದೆ, ನೆಲ್ಲೀ. ಹಾರ್ಕೊಂಡು ಹೋಗ್ತೀಯಾ?"

"ನಡ್ಕೊಂಡು."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ಡ್ರೈವರ್ ಝೆನೋನ್ ಒಪ್ಪಿದರೆ ಆಂಬುಲೆನ್ಸ್ ತೆಗೆದುಕೊಂಡು ಹೋಗಿ ಎಂದರು. ಝೆನೋನ್ ಒಪ್ಪಿದ. ಅವನ ತಂಗಿಯನ್ನು ಅದೇ ಕಡೆ ಕೊಟ್ಟಿದ್ದರು, ತಡೆಯವರಲ್ಲಿ ಅರ್ಧ ಜನ ತನಗೆ ಬೀಗರೇ ಎಂದು ಧೈರ್ಯ ಹೇಳಿದ. ನೆಲ್ಲಿ ನನ್ನನ್ನೂ ಹೊರಡಿಸಿದಳು. ಮಕ್ಕಳ ಹಿಮ್ಮಡಿ ಚುಚ್ಚುವ ಕೈ ನನ್ನದು ಹಗುರವಂತೆ.

ಮೊದಲ ಎರಡು ಕಡೆ ಝೆನೋನ್‌ನ ಬೀಗತನ ಕೆಲಸ ಮಾಡಿತು. ಮೂರನೆಯ ಕಡೆ ಒಬ್ಬ ಹೆಂಗಸು, ಕೋಲು ಹಿಡಿದವಳು, ಗಾಡಿಯ ಹಿಂದಿನ ಬಾಗಿಲು ತೆಗೆಸಿ ನೋಡಿದಳು. ಒಳಗೆ ಬರಿಯ ಮಂಚ.

"ರೋಗಿ ಎಲ್ಲಿ?"

"ಆ ಕಡೆ ಊರಲ್ಲಿದ್ದಾಳೆ, ತಾಯಿ," ಎಂದಳು ನೆಲ್ಲಿ ಐಮಾರಾ ಭಾಷೆಯಲ್ಲೇ. "ಒಂದು ತಿಂಗಳ ಕೂಸು."

"ಏನಾಗಿದೆ ಅದಕ್ಕೆ?"

"ಅದನ್ನ ತಿಳ್ಕೊಳ್ಳೋಕೇ ಹೋಗ್ತಿರೋದು."

ಹೆಂಗಸಿಗೆ ಈ ಉತ್ತರ ಹಿಡಿಸಲಿಲ್ಲ. ಖಾಲಿ ಆಂಬುಲೆನ್ಸಿನಲ್ಲಿ ಪೊಲೀಸರು ಬಂದು ಹೋಗಿದ್ದಾರೆಂದೂ, ತಾನು ಬಿಟ್ಟರೆ ಸಂಘದವರು ತನ್ನನ್ನು ಬಿಡುವುದಿಲ್ಲವೆಂದೂ ಹೇಳಿದಳು. ಗಾಡಿ ಇಲ್ಲೇ ಇರಲಿ, ಕಾಲಿರುವವರು ನಡೆಯಲಿ. ಝೆನೋನ್ ಗಾಡಿಯ ಜೊತೆ ಉಳಿದ, ಅವರು ಕೊಟ್ಟ ಕೋಕಾ ಎಲೆ ಅಗಿಯುತ್ತ. ನಾವಿಬ್ಬರೂ ಸರೋವರದ ಗಾಳಿಗೆ ಮುಖವೊಡ್ಡಿ ನಡೆದೆವು. ನೆಲ್ಲಿ ನಗರದ ಬೂಟು ಹಾಕಿ ಬಂದಿದ್ದಳು, ಊರು ಕಾಣುವ ಹೊತ್ತಿಗೆ ಕುಂಟುತ್ತಿದ್ದಳು.

ಸಬಿನಾಳ ಮನೆಯಂಗಳದಲ್ಲಿ ಅವಳ ಅತ್ತೆ, ಒಣಗಿಸಿಡುವ ಚೂನ್ಯೋಗಾಗಿ ಆಲೂಗಡ್ಡೆ ತುಳಿಯುತ್ತಿದ್ದಳು. ರಾತ್ರಿಯ ಹಿಮಕ್ಕೆ ಹೆಪ್ಪುಗಟ್ಟಿದ ಗಡ್ಡೆಗಳ ನೀರು ಅವಳ ಬರಿಗಾಲಿನ ಕೆಳಗೆ ಹರಿಯುತ್ತಿತ್ತು. ಸಬಿನಾ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೊರಗೆ ಬಂದಳು. ಲಿದಿಯಾ ಎಂದು ಹೆಸರಿಟ್ಟಿದ್ದರು. ಬಟ್ಟೆ ಸರಿಸಿ ನೋಡಿದೆ. ಕೆನ್ನೆಯಲ್ಲಿ ಇನ್ನೂ ಕಾಮಾಲೆಯ ಹಳದಿ ಉಳಿದಿತ್ತು, ಕೈ ತಣ್ಣಗಿತ್ತು.

ಮತ್ತೆ ರಕ್ತ ಬೇಕು ಎಂದಾಗ ಅಜ್ಜಿ ತುಳಿಯುವುದನ್ನು ನಿಲ್ಲಿಸಿದಳು.

"ಒಂದ್ಸಲ ತಗೊಂಡು ಹೋದ್ರಲ್ಲ. ಕುಡ್ದುಬಿಟ್ರಾ?"

ಬೇರೆ ಯಾರಾದರೂ ಆಗಿದ್ದರೆ ಕಾಗದ ಕಳೆದುಹೋಯಿತು ಎನ್ನುತ್ತಿದ್ದರು. ನನ್ನ ನಾಲಗೆಯ ತುದಿಗೂ ಅದೇ ಬಂದಿತ್ತು. ನೆಲ್ಲಿ ಅಂಗಳದ ಕಲ್ಲಿನ ಮೇಲೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ರಕ್ತವನ್ನು ಎರಡು ಪಾಲು ಮಾಡಿದೆವು, ಒಂದು ಪಾಲು ಮಗು ಚೆನ್ನಾಗಿದೆ ಎಂದಿತು, ಇನ್ನೊಂದು ಇಲ್ಲ ಎಂದಿತು, ಯಾವುದು ನಿಜವೆಂದು ನನಗೆ ಗೊತ್ತಿಲ್ಲ.

"ಅಷ್ಟು ಓದಿ, ಅಷ್ಟು ದೊಡ್ಡ ಮಿಷಿನ್ನು ಇಟ್ಕೊಂಡು, ನಿನಗೇ ಗೊತ್ತಿಲ್ಲ ಅಂದ್ರೆ ಏನು ಮಗಳೇ?" ಎಂದಳು ಅಜ್ಜಿ. ಕುಚೋದ್ಯವೇನೂ ಇರಲಿಲ್ಲ, ನಿಜವಾಗಿಯೇ ಕೇಳಿದಳು. ನೆಲ್ಲಿ ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಒಲೆಯ ಕೋಣೆಯಿಂದ ಒಂದು ಹುಡುಗಿ ಹೊರಗೆ ಬಂದಳು.

ನೋಡಿದರೆ ನಾಲ್ಕು ವರ್ಷದವಳ ಎತ್ತರ. ಮುಖ ಮಾತ್ರ ಚಿಕ್ಕ ಮಗುವಿನದಲ್ಲ. ಊದಿದ ಕಣ್ರೆಪ್ಪೆ, ತುಟಿಯ ನಡುವೆ ದಪ್ಪ ನಾಲಗೆ, ಬಿಸಿಲಿನಲ್ಲೂ ಮೂರು ಸ್ವೆಟರು. ಒಂದೊಂದೇ ಹೆಜ್ಜೆ ಇಟ್ಟು ಬಂದು ಸಬಿನಾಳ ಲಂಗ ಹಿಡಿದುಕೊಂಡಳು. ದೊಡ್ಡ ಮಗಳಂತೆ, ಪಾಸ್ಕುವಾಲಾ, ಒಂಬತ್ತು ತುಂಬಿದೆ. ಹೊಟ್ಟೆಯಲ್ಲಿದ್ದಾಗ ಹತ್ತಿರದಲ್ಲೇ ಸಿಡಿಲು ಬಡಿದು ಹೀಗಾಯಿತು ಎಂದು ಅಜ್ಜಿ ಹೇಳಿದಳು.

ನೆಲ್ಲಿ ಆ ಹುಡುಗಿಯಿಂದ ಕಣ್ಣು ತೆಗೆಯಲಿಲ್ಲ. ಸಬಿನಾ ನೆಲ್ಲಿಯನ್ನೇ ನೋಡುತ್ತಿದ್ದಳು.

"ಇವಳೂ ಹುಟ್ಟಿದಾಗ ಅಳ್ತಾ ಇರ್ಲಿಲ್ಲ," ಎಂದಳು ಸಬಿನಾ ನಿಧಾನವಾಗಿ. "ನೀವು ಹುಡುಕ್ಕೊಂಡು ಬಂದಿರೋದು ಇದನ್ನೇನಾ?"

"ಹೌದು," ಎಂದಳು ನೆಲ್ಲಿ. "ಇದನ್ನೇ."

ಸಬಿನಾ ಬೆನ್ನಿನ ಗಂಟು ಬಿಚ್ಚಿ ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಅತ್ತೆ ಏನೋ ಹೇಳಲು ಹೊರಟಾಗ ಅವಳತ್ತ ನೋಡಲೂ ಇಲ್ಲ. ಹಿಮ್ಮಡಿ ಚುಚ್ಚಿದಾಗ ಲಿದಿಯಾ ಮುಖ ಕಿವುಚಿ ಒರಟು ದನಿಯಲ್ಲಿ ಒಂದು ಸಲ ನರಳಿ ಮತ್ತೆ ನಿದ್ದೆಗೆ ಜಾರಿದಳು. ಕಾಗದದಲ್ಲಿ ಈ ಸಲ ಎಲ್ಲ ಚುಕ್ಕೆಗಳನ್ನೂ ತುಂಬಿಸಿದೆ. ನೆಲ್ಲಿ ಕೇಳಿಕೊಂಡದ್ದರಿಂದ ಪಾಸ್ಕುವಾಲಾಳ ಬೆರಳಿನಿಂದಲೂ ತೆಗೆದೆವು.

ಲ್ಯಾಬಿಗೆ ಮರಳಿದಾಗ ಇನ್ನೊಂದು ತೊಡಕು ಕಾದಿತ್ತು. ವಿಕಿರಣ ಅಂಟಿಸಿದ ಹಾರ್ಮೋನು ಪರದೇಶದಿಂದ ಬರಬೇಕು, ಗಲಭೆಯಿಂದಾಗಿ ಆ ಪೆಟ್ಟಿಗೆ ಬಂದಿರಲಿಲ್ಲ. ಫ್ರಿಜ್ಜಿನಲ್ಲಿದ್ದದ್ದು ಹಳೆಯ ಬಾಟಲಿಯ ತಳ. ಅದರ ಅಯೋಡಿನ್ ಎರಡು ತಿಂಗಳಿಗೊಮ್ಮೆ ಅರ್ಧಕ್ಕರ್ಧ ಸವೆಯುವಂಥದು. ಡಾಕ್ಟರು ತಲೆಯಾಡಿಸಿದರು, ಇಷ್ಟು ಕ್ಷೀಣ ಎಣಿಕೆಯನ್ನು ನಂಬುವುದು ಹೇಗೆ? ನೆಲ್ಲಿ ಎಲ್ಲ ಟ್ಯೂಬುಗಳನ್ನೂ ಮಾಮೂಲಿಗಿಂತ ಹತ್ತು ಪಟ್ಟು ಹೊತ್ತು ಎಣಿಸೋಣ ಎಂದಳು. ಮುದುಕರ ದನಿ ಸಣ್ಣಗಾದರೆ ಹತ್ತಿರ ಕೂತು ಹೆಚ್ಚು ಹೊತ್ತು ಕೇಳುವುದಿಲ್ಲವೇ, ಹಾಗೆ. ಸಾಮಾನು ಹಳೆಯದು, ಗ್ರಾಫ್ ಸರಿಯಾಗಿ ಬಾಗುತ್ತದೋ ನೋಡಬೇಕೆಂದು, ಉತ್ತರ ಮೊದಲೇ ಗೊತ್ತಿರುವ ರಕ್ತವನ್ನೂ ಜೊತೆಗಿಟ್ಟಳು. ಲಿದಿಯಾಳಿಗೆ ಎರಡರ ಬದಲು ನಾಲ್ಕು ಟ್ಯೂಬು. ನೀರು ಚೆಲ್ಲುವಾಗ ಡಾಕ್ಟರು ನನ್ನ ಪಕ್ಕದಲ್ಲೇ ನಿಂತು ಒಂದೊಂದು ಟ್ಯೂಬನ್ನೂ ಬೆಳಕಿಗೆ ಹಿಡಿದು ನೋಡಿದರು.

ಗೊತ್ತಿದ್ದ ರಕ್ತಗಳು ತಮ್ಮ ತಮ್ಮ ಜಾಗದಲ್ಲೇ ಬಂದವು. ಲಿದಿಯಾಳ ನಾಲ್ಕು ಟ್ಯೂಬುಗಳೂ ಒಂದೇ ಮಾತು ಹೇಳಿದವು, ಎಣಿಕೆ ಕೆಳಗೆ. ಪಾಸ್ಕುವಾಲಾಳದು ಗ್ರಾಫಿನ ಕೊನೆಯನ್ನೂ ದಾಟಿ, ಅಳತೆಗೇ ಸಿಗದಷ್ಟು ಕೆಳಗೆ. ನೆಲ್ಲಿಗೆ ಗೆದ್ದೆನೆಂಬ ಸಂತೋಷ ಆದ ಹಾಗೆ ನನಗೆ ಕಾಣಲಿಲ್ಲ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು, ಬೀದಿಯಲ್ಲಿ ಮಾರುವವಳಿಂದ ಬಿಸಿ ಆಪಿ, ನೇರಳೆ ಮೆಕ್ಕೆಜೋಳದ ಗಂಜಿ, ತೆಗೆದುಕೊಂಡು, ಕುಡಿಯದೆ ಲೋಟವನ್ನು ಕೈಯಲ್ಲಿ ಹಿಡಿದೇ ಇದ್ದಳು. ಅಷ್ಟು ಹೊತ್ತಿಗೆ ಡಾಕ್ಟರು ಮಾತ್ರೆಗಳನ್ನು ಕಟ್ಟಿಸಿದ್ದರು. ಈ ಸಲ ಅವರೂ ಹೊರಟರು. ತಡೆಯ ಹತ್ತಿರ ಕೋಲಿನ ಹೆಂಗಸು ನಮ್ಮ ಗುರುತು ಹಿಡಿದು, ಕೂಸಿಗೆ ಏನಂತೆ ಎಂದು ಕೇಳಿದಳು. ಹೇಳಿದೆವು. ಅವಳೇ ನಿಂತು ಕಲ್ಲು ಸರಿಸಿ ಗಾಡಿ ಬಿಡಿಸಿದಳು.

ಮಾತ್ರೆಯನ್ನು ಪುಡಿ ಮಾಡಿ ಹಾಲಿನಲ್ಲಿ ಕೊಡುವುದನ್ನು ಡಾಕ್ಟರು ತೋರಿಸಿದರು. ಪ್ರತಿದಿನ, ಜೀವನ ಪೂರ್ತಿ. ಸಬಿನಾ ಎಲ್ಲ ಕೇಳಿಸಿಕೊಂಡು, ಪಾಸ್ಕುವಾಲಾಳ ತಲೆಯ ಮೇಲೆ ಕೈಯಿಟ್ಟಳು.

"ಇವಳಿಗೂ ಕೊಟ್ರೆ, ತಂಗಿ ಥರ ಆಗ್ತಾಳಾ?"

ಡಾಕ್ಟರು ನೆಲ್ಲಿಯ ಮುಖ ನೋಡಿದರು. ನೆಲ್ಲಿಯೇ ಹೇಳಿದಳು, "ಕೊಡೋಣ. ಎತ್ತರ ಆಗ್ತಾಳೆ, ಚಳಿ ಕಮ್ಮಿಯಾಗುತ್ತೆ, ಮೈ ಹಗುರಾಗುತ್ತೆ. ಆದ್ರೆ ತಲೆಯೊಳಗೆ ಹೋಗಿರೋದು ತಿರುಗಿ ಬರಲ್ಲ, ಸಬಿನಾ."

"ಒಂಬತ್ತು ವರ್ಷ ಎಲ್ಲಿದ್ರಿ ನೀವೆಲ್ಲ?"

ಪಾಸ್ಕುವಾಲಾ ಹುಟ್ಟಿದಾಗ ಈ ಪರೀಕ್ಷೆ ದೇಶದಲ್ಲಿ ಎಲ್ಲೂ ಇರಲಿಲ್ಲ ಎಂಬುದು ನಿಜ, ಆದರೆ ಆ ಅಂಗಳದಲ್ಲಿ ನಿಂತು ಅದನ್ನು ಹೇಳಲು ಬಾಯಿ ಬರಲಿಲ್ಲ. ಸಬಿನಾ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಅಜ್ಜಿ ನಮಗೆ ಬೇಯಿಸಿದ ಚೂನ್ಯೋ, ಸಣ್ಣ ಮೀನು ಕೊಟ್ಟಳು. ತಿಂದು ಎದ್ದೆವು.

ಆ ತಿಂಗಳೇ ಡಾಕ್ಟರು ಕಂಪ್ಯೂಟರಿನ ಲೆಕ್ಕ ಬದಲಾಯಿಸಿದರು. ಎರಡು ಟ್ಯೂಬು ಹೊಂದದಿದ್ದರೆ ಅದು ಸರಾಸರಿ ತೆಗೆಯದೆ ನಿಂತುಬಿಡಬೇಕು, ಮನುಷ್ಯರು ನೋಡಬೇಕು. ಲಿದಿಯಾ ಈಗ ಶಾಲೆಗೆ ಹೋಗುತ್ತಾಳೆ, ಲೆಕ್ಕದಲ್ಲಿ ಹಿಂದೆ, ಜಗಳದಲ್ಲಿ ಮುಂದೆ ಎಂದು ಸಬಿನಾ ದೂರುತ್ತಾಳೆ. ಪಾಸ್ಕುವಾಲಾ ಮೊದಲ ವರ್ಷದಲ್ಲೇ ಒಂದು ಗೇಣು ಬೆಳೆದಳು, ಊತ ಇಳಿಯಿತು, ನಾಲಗೆ ಒಳಗೆ ಹೋಯಿತು. ಕೆಲವೇ ಮಾತು ಆಡುತ್ತಾಳೆ. ಅಜ್ಜಿಯ ಜೊತೆ ಕುರಿ ಮೇಯಿಸಲು ಹೋಗುತ್ತಾಳೆ, ಒಂದನ್ನೂ ತಪ್ಪಿಸಿಕೊಳ್ಳಲು ಬಿಡುವುದಿಲ್ಲ.

ಆ ರಸ್ತೆ ತಡೆಯಾದ ಎರಡು ವರ್ಷಕ್ಕೆ ಸರೋವರದ ಆಚೆ ದಂಡೆಯ ಊರಿನಲ್ಲಿ ಇದೇ ಕಾಯಿಲೆಯ ಇನ್ನೊಂದು ಮಗು ಸಿಕ್ಕಿತ್ತು. ಅಲ್ಲಿಯ ತಂದೆ ನಮ್ಮನ್ನು ಅಂಗಳಕ್ಕೂ ಬಿಡಲಿಲ್ಲ. ನೆಲ್ಲಿ ಕೊಲ್ಕೆಪಾತಾಕ್ಕೆ ಹೇಳಿ ಕಳಿಸಿದಳು. ಸಬಿನಾ ಪಾಸ್ಕುವಾಲಾಳ ಕೈ ಹಿಡಿದುಕೊಂಡು ದೋಣಿಯಲ್ಲಿ ಬಂದಳು, ನಮ್ಮ ಜೊತೆ ಮಾತಿಗೆ ನಿಲ್ಲದೆ ನೇರ ಆ ಮನೆಯೊಳಗೆ ಹೋದಳು. ನಾವು ಹೊರಗೆ ಗೋಡೆಯ ಬಿಸಿಲಿನಲ್ಲಿ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಆ ತಂದೆಯೇ ಬಾಗಿಲಿಗೆ ಬಂದು, ಒಳಗೆ ಬನ್ನಿ ಎಂದ.