ಇಳಿದ ಶ್ರುತಿ

ಸೆರಾಫಿನ್ ಬಾಯಮ್ಮ ಕಣ್ಣು ಮುಚ್ಚಿ ಸೆಲ್ಲೋದ ಒಂದೇ ತಂತಿಯ ಮೇಲೆ ಕಮಾನು ಎಳೆಯುತ್ತಿದ್ದರು. ಉಳಿದ ಮೂವರು, ಮಲಗಿದ ಮಗುವಿನ ಉಸಿರಿಗೆ ಕಿವಿಗೊಟ್ಟವರಂತೆ ತಲೆ ತಗ್ಗಿಸಿ ಆ ಸ್ವರವನ್ನು ಆಲಿಸುತ್ತ, ನಮ್ಮ ನಮ್ಮ ವಾದ್ಯದ ಬಿರಡೆ ತಿರುವುತ್ತಿದ್ದೆವು. ವಾಚನಾಲಯದ ಮೇಲಿನ ಹಳೆಯ ಸಭಾಂಗಣದಲ್ಲಿ ಪ್ರತಿ ಶನಿವಾರ ಸಂಜೆ ನಮ್ಮ ಅಭ್ಯಾಸ ಆರಂಭವಾಗುತ್ತಿದ್ದುದು ಹೀಗೆ.

ಊರಿನವರು ನಮ್ಮನ್ನು ತಂತಿಯವರು ಎನ್ನುತ್ತಿದ್ದರು. ನುಡಿಸುತ್ತಿದ್ದುದು ಜಾಝ್, ಆದರೆ ಡ್ರಮ್ ಇಲ್ಲ, ತುತ್ತೂರಿ ಇಲ್ಲ. ವಾದಿರಾಜರ ಪಿಟೀಲು, ಜೋಕಿಮಣ್ಣನ ಆಳೆತ್ತರದ ಬಾಸ್, ಪಿಟೀಲಿಗಿಂತ ತುಸು ದೊಡ್ಡದಾದ, ನಡುದನಿಯ ನನ್ನ ವಿಯೋಲ, ಕೂತು ಮೊಣಕಾಲುಗಳ ನಡುವೆ ನಿಲ್ಲಿಸಿ ನುಡಿಸುವ ಬಾಯಮ್ಮನ ಸೆಲ್ಲೋ. ಮೊದಲು ಎಲ್ಲರೂ ಕೂಡಿ ಒಂದು ಧಾಟಿಯನ್ನು ನುಡಿಸಬೇಕು. ಆಮೇಲೆ ಒಬ್ಬೊಬ್ಬರೇ ಅದನ್ನು ಮನಸ್ಸು ಬಂದತ್ತ ಒಯ್ಯುವಾಗ ಉಳಿದವರು ಅವರ ಕಾಲಡಿಯ ನೆಲವಾಗಿರಬೇಕು. ತಂಡ ಕಟ್ಟಿ ದಶಕಗಳ ಕಾಲ ನಡೆಸಿದವರು ಬಾಯಮ್ಮ. ಮದುವೆಯಾಗಿ ಆ ಊರಿಗೆ ಬಂದ ನನ್ನ ಕೈಗೆ ವಿಯೋಲ ಕೊಟ್ಟವರೂ ಅವರೇ. "ಪಿಟೀಲಿಗೆ ಜನ ಸಿಗ್ತಾರೆ ಮಾರಾಯ್ತಿ, ನಡುವೆ ನಿಲ್ಲುವವರು ಸಿಗುದಿಲ್ಲ" ಎಂದಿದ್ದರು.

ಮೊದಲ ದಿನವೇ ಕುರ್ಚಿಗೆ ಒರಗಿಸಿದ್ದ ಅವರ ಸೆಲ್ಲೋವನ್ನು ಸರಿಸಲು ಹೋಗಿ ಬೈಸಿಕೊಂಡೆ.

"ಮುಟ್ಬೇಡ! ಇಲ್ಲಿ ಒಬ್ಬರ ವಾದ್ಯ ಇನ್ನೊಬ್ಬರು ಮುಟ್ಟುದಿಲ್ಲ."

"ನನ್ನ ಬಾಸ್ ಬೇಕಾದ್ರೆ ಮುಟ್ಟಿ ಅಕ್ಕ," ಎಂದ ಜೋಕಿಮಣ್ಣ. "ಮೆಟ್ಟಿಲು ಹತ್ತಿಸಿ ಕೊಟ್ರೆ ಕಾಫಿಯೂ ಕೊಡಿಸ್ತೇನೆ."

ಬಾಯಮ್ಮ ನಗಲಿಲ್ಲ. ನನಗೂ ಬೇಸರವಾಗಲಿಲ್ಲ. ತುಂಬಿದ ಮನೆಯಲ್ಲಿ ಬಾಳುವ ಹೆಂಗಸಿಗೆ ತನ್ನದೆನ್ನಲು ಒಂದು ವಸ್ತು ಇರುವುದೆಂದರೇನು ಎಂದು ನಾನು ಬಲ್ಲೆ.

ಬಾಯಮ್ಮನ ಹೆಬ್ಬೆರಳ ಬುಡ ಊದತೊಡಗಿದ್ದು ಯಾವಾಗ ಎಂದು ಹೇಳಲಾರೆ. ಕಮಾನು ಹಿಡಿಯುವುದು, ತಂತಿ ಒತ್ತುವುದು ಹೇಗೋ ಆಗುತ್ತಿತ್ತು. ಆದರೆ ಬಿರಡೆಯನ್ನು ಒಳಕ್ಕೆ ಒತ್ತುತ್ತಲೇ ತಿರುವಬೇಕು, ಇಲ್ಲವಾದರೆ ಅದು ನಿಲ್ಲದು. ತಂತಿಯನ್ನು ಮೇಲೇರಿಸುವ ಆ ಬಲ ಅವರಲ್ಲಿ ಉಳಿದಿರಲಿಲ್ಲ. ಯಾವುದು ಹೆಚ್ಚು ಸಡಿಲಾಗಿರುತ್ತಿತ್ತೋ ಆ ತಂತಿಗೆ ಉಳಿದವನ್ನು ಇಳಿಸಿ ಹೊಂದಿಸಿಕೊಳ್ಳುತ್ತಿದ್ದರು. ಬಾಯಿಬಿಟ್ಟು ಹೇಳಲಿಲ್ಲ.

ನನಗೆ ತಿಳಿದಿತ್ತು. ಮನೆಯಲ್ಲಿ ಸರಿಯಾಗಿ ಶ್ರುತಿ ಮಾಡಿಕೊಂಡು ಹೋದರೂ ಅಲ್ಲಿ ನನ್ನ ಬಿರಡೆಯನ್ನು ಕೆಳಕ್ಕೇ ತಿರುವಬೇಕಾಗುತ್ತಿತ್ತು. ಬರೀ ತಂತಿವಾದ್ಯಗಳಿರುವಲ್ಲಿ ಎಲ್ಲವೂ ಕೂಡಿ ಇಳಿದರೆ ಕೇಳುವವರಿಗೆ ಗೊತ್ತಾಗುವುದಿಲ್ಲ. ಇದನ್ನು ಬಲ್ಲವಳು ನಾನೊಬ್ಬಳೇ, ಅವರ ಮಾನ ನನ್ನ ಕೈಯಲ್ಲಿ ಭದ್ರವಾಗಿದೆ ಎಂದುಕೊಂಡಿದ್ದೆ.

ಆ ವರ್ಷದ ಕಾರ್ಯಕ್ರಮಕ್ಕೆ ನಿರುಪಮಾ ಎಂಬ ಪಿಯಾನೋ ವಾದಕಿ ನಮ್ಮೊಡನೆ ಸೇರುವುದೆಂದಾಯಿತು. ಅವಳು ಅಭ್ಯಾಸಕ್ಕೆ ಬಂದ ದಿನವೂ ಬಾಯಮ್ಮ ಕಣ್ಣು ಮುಚ್ಚಿ ಆ ಒಂದು ತಂತಿಯನ್ನು ಎಳೆದರು. ನಾವು ತಲೆ ತಗ್ಗಿಸಿ ಬಿರಡೆ ತಿರುವಿದೆವು. ಬಳಿಕ ನಿರುಪಮಾ ಪಿಯಾನೋದ ಮೇಲೆ ಬೆರಳಿಟ್ಟಳು. ಅದರ ಸ್ವರ ನಮ್ಮದಕ್ಕಿಂತ ಮೇಲೆ ನಿಂತು, ಬಾಗಿಲ ಸಂದಿಗೆ ಕೈ ಸಿಕ್ಕಿದಂತಾಯಿತು.

"ಪಿಯಾನೋ ಸರಿ ಇಲ್ಲ," ವಾದಿರಾಜರು ಕೂಡಲೇ ಹೇಳಿದರು.

"ನಿನ್ನೆ ತಾನೇ ಶ್ರುತಿ ಮಾಡಿಸಿದ್ದಲ್ವಾ ಸರ್?" ಎಂದಳು ನಿರುಪಮಾ.

"ಹಾಗಾದ್ರೆ ಮಾಡಿದವನಿಗೆ ಕಿವಿ ಇಲ್ಲ," ಎಂದ ಜೋಕಿಮಣ್ಣ.

ಇಬ್ಬರೂ ಬಾಯಮ್ಮನತ್ತ ನೋಡದೆ ಮಾತಾಡುತ್ತಿದ್ದರು. ಇವರಿಗೂ ಮೊದಲಿನಿಂದ ಗೊತ್ತಿತ್ತು ಎಂದು ನನಗೆ ಆಗ ಹೊಳೆಯಿತು. ಮೂವರೂ ಒಬ್ಬರಿಗೊಬ್ಬರು ಹೇಳದೆ, ಬೇರೆ ಬೇರೆಯಾಗಿ ಅವರನ್ನು ಕಾಯುತ್ತಿದ್ದೆವು.

ಬಾಯಮ್ಮ ಕಮಾನನ್ನು ತೊಡೆಯ ಮೇಲಿಟ್ಟರು. "ಪಿಯಾನೋ ಸರಿಯೇ ಉಂಟು. ಇಳಿದದ್ದು ನಾನು. ನನ್ನ ಹಿಂದೆ ಇಳಿದದ್ದು ನೀವು."

"ಹಾಗೇನಿಲ್ಲ ಬಾಯಮ್ಮ—"

"ಸುಮ್ನಿರು ವಾದಿರಾಜ. ನನ್ನ ಕೈ ಹೋದದ್ದು, ಕಿವಿ ಹೋಗ್ಲಿಲ್ಲ. 'ಎಂತ ಬಾಯಮ್ಮ, ಶ್ರುತಿ ಹೀಗೆ ಇಳಿದಿದೆ' ಅಂತ ಒಬ್ಬರಾದ್ರೂ ಬೈತಾರಾ ಅಂತ ಪ್ರತಿ ಶನಿವಾರ ಕಾದೆ. ನೀವು ಸುಮ್ಮನೆ ನುಡಿಸ್ತಾ ಹೋದ್ರಿ, ರೋಗಿಯ ಕೋಣೆಯಲ್ಲಿ ಮೆಲ್ಲ ಮಾತಾಡಿದ ಹಾಗೆ." ಎದ್ದು ಸೆಲ್ಲೋದ ಚೀಲಕ್ಕೆ ಕೈಚಾಚಿದರು. "ಕಾರ್ಯಕ್ರಮ ನೀವು ಮಾಡಿ. ಇನ್ನು ನಾನಿಲ್ಲ."

ನಾನು ಹೋಗಿ ಚೀಲಕ್ಕೆ ಅಡ್ಡ ನಿಂತೆ. "ಬಿರಡೆ ನಾನು ತಿರುವ್ತೇನೆ."

"ಮುಟ್ಬೇಡ ಅಂದಿದ್ದೆ."

"ಅಂದಿದ್ರಿ. ಅದಕ್ಕೇ ಕೇಳ್ತಿದ್ದೇನೆ."

"ಎಷ್ಟು ದಿನ ತಿರುವ್ತಿ? ಸಾಯುವವರೆಗಾ?"

"ಯಾರು ಸಾಯುವವರೆಗೆ ಬಾಯಮ್ಮ? ನನ್ನ ಬೆರಳೂ ನಿಮ್ಮಷ್ಟೇ ಹಟಮಾರಿ."

ಅವರು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಕೂತು, ಸೆಲ್ಲೋದ ಕತ್ತನ್ನು ತಮ್ಮ ಭುಜದಿಂದ ಬಿಡಿಸಿ ನನ್ನತ್ತ ವಾಲಿಸಿದರು. ಅವರು ಕಣ್ಣು ಮುಚ್ಚಿ ಕಮಾನು ಎಳೆದಂತೆ ನಾನು ಕುರ್ಚಿಯ ಹಿಂದೆ ನಿಂತು ಬಿರಡೆಯನ್ನು ಒತ್ತಿ ತಿರುವಿದೆ. ತಂತಿ ನರಳಿತು. ನನ್ನ ಕೈ ನಿಂತಿತು.

"ಹೆದರ್ಬೇಡ, ಕಡಿದ್ರೆ ಬೇರೆ ಹಾಕುವ. ಮೇಲೆ... ಇನ್ನೂ ಸ್ವಲ್ಪ... ಹಾಂ." ಕಣ್ಣು ತೆರೆದು ಉಳಿದವರತ್ತ ತಿರುಗಿದರು. "ಈಗ ನೀವೂ ಹತ್ತಿ ಬನ್ನಿ."

ವಾದಿರಾಜರು ಕಿಟಕಿಯ ಕಡೆ ಮುಖ ಮಾಡಿ ಪಿಟೀಲಿನ ಶ್ರುತಿ ಏರಿಸಿದರು.

ಕಾರ್ಯಕ್ರಮದಲ್ಲಿ ಬಿಗಿದ ತಂತಿಯ ಮೇಲೆ ಬಾಯಮ್ಮನ ಬೆರಳು ಮೊದಲಿನಂತೆ ಓಡಲಿಲ್ಲ. ತಮ್ಮ ಸರದಿಯಲ್ಲಿ ಕೆಲವೇ ಸ್ವರಗಳನ್ನು ದೂರ ದೂರ ಇಟ್ಟು ನುಡಿಸಿದರು. ಆ ಸ್ವರಗಳ ನಡುವಿನ ಮೌನಕ್ಕೆ ನಾವು ಉಳಿದವರೆಲ್ಲ ನೆಲವಾದೆವು.

ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ನನ್ನ ಬಳಿ ಬಂದಳು. "ಶುರುವಿಗೆ ಮೊದಲು ನೀವು ಅವರ ಹಿಂದೆ ನಿಂತು ಎಂತ ಮಾಡ್ತಿದ್ರಿ? ದೂರದಿಂದ ನೋಡುವಾಗ ಮಗಳು ಅಮ್ಮನ ತಲೆ ಬಾಚಿದ ಹಾಗೆ ಕಾಣ್ತಿತ್ತು."

ಅದನ್ನು ಬಾಯಮ್ಮನಿಗೆ ಹೇಳಿದೆ. ಮುಂದಿನ ಶನಿವಾರ ಕುರ್ಚಿಯಲ್ಲಿ ಕೂತವರು, ಕಮಾನು ಎತ್ತಿಕೊಳ್ಳುವ ಮೊದಲೇ ತಲೆಯನ್ನು ಒಂದಿಷ್ಟು ಬದಿಗೆ ವಾಲಿಸಿ, ನನ್ನ ಕೈಗೆ ಜಾಗ ಮಾಡಿಕೊಟ್ಟು ಕಾದರು.