ಹುಚ್ಚೀರಪ್ಪ ಮಾಸ್ತರರ ಗ್ರೋನು, ಗ್ರಂಟು

ಮನುಷ್ಯ ಕುರ್ಚಿಯಲ್ಲಿ ಕೂರುವಾಗ ಒಂದು ಸದ್ದು ಮಾಡುತ್ತಾನೆ, ಏಳುವಾಗ ಇನ್ನೊಂದು. ಐವತ್ತು ದಾಟಿದ ಮೇಲಂತೂ ಇವೆರಡರ ನಡುವೆ ಮೂರನೆಯದೂ ಬಂದು ಸೇರಿಕೊಳ್ಳುತ್ತದೆ. ಮಾಡಿದವನಿಗೆ ಅವು ಕೇಳಿಸುವುದಿಲ್ಲ. ನಮ್ಮ ಹೈಸ್ಕೂಲಿನ ಸ್ಟಾಫ್‌ರೂಮಿನಲ್ಲಿ ಅವು ಕೇಳಿಸುತ್ತಿದ್ದದ್ದು ಇಂಗ್ಲಿಷ್ ಕಲಿಸುವ ಹುಚ್ಚೀರಪ್ಪ ಮಾಸ್ತರರಿಗೆ. ಬಾಗಿಲಿಗೆ ಬೆನ್ನು ಮಾಡಿ, ತಲೆ ಎತ್ತದೆ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದರೂ, ಬಂದು ಕೂತವರು ಯಾರೆಂದು ಹೆಸರು ಹಿಡಿದು ಹೇಳಿ, "ಇದು ಗ್ರೋನ್ ಆತ್ರಿ, ನಿನ್ನಿ ಗ್ರಂಟ್ ಇತ್ತು. ಮೊಣಕಾಲು ಒಮ್ಮಿ ತೋರಸ್ಕೋರಿ" ಎಂದು ಸಲಹೆ ಕೊಡುತ್ತಿದ್ದರು. ನಮ್ಮ ಹೆಡ್‌ಮಾಸ್ತರರಿಗೆ ಇದು ಸೇರುತ್ತಿರಲಿಲ್ಲ. "ನಾ ಏನು ರೋಗಿ ಏನ್ರಿ? ಸುಮ್ನ ಕುಂದರಾಕೂ ಬಿಡಾಂಗಿಲ್ಲಲ್ಲ ನೀವು" ಎಂದು ಗೊಣಗುತ್ತಿದ್ದರು. "ಹಾಂ, ಇದು ಗ್ರಂಬಲ್" ಎನ್ನುತ್ತಿದ್ದರು ಮಾಸ್ತರರು, ಕೆಂಪು ಪೆನ್ನು ನಿಲ್ಲಿಸದೆ.

ಈ ಮಾರ್ಚಿನಲ್ಲಿ ಅವರು ತೀರಿಕೊಂಡರು. ಕೊಪ್ಪಳದಿಂದ ಬರುವ ಮಧ್ಯಾಹ್ನದ ಬಸ್ಸಿನಲ್ಲಿ, ಕಿಟಕಿಯ ಪಕ್ಕದ ಸೀಟಿನಲ್ಲಿ. ಕಂಡಕ್ಟರ್ ನಿದ್ದೆಯೆಂದು ತಿಳಿದು ಎಬ್ಬಿಸಲಿಲ್ಲ. ಕುಷ್ಟಗಿ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ಭುಜ ಮುಟ್ಟಿ ನೋಡಿದರಂತೆ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ತನಗೇನೂ ಕೇಳಿಸಲಿಲ್ಲ ಎಂದಳು. ಅವಳ ಮಾತನ್ನು ನಾನು ಎಷ್ಟು ಸಲ ನೆನೆದಿದ್ದೇನೆಂದು ಹೇಳಲಾರೆ. ಊರಿನವರೆಲ್ಲರ ನೋವಿನ ಸದ್ದನ್ನು ಕಿವಿಗೊಟ್ಟು ಕೇಳಿದವರ ಪಕ್ಕದಲ್ಲಿ ಆ ಹೊತ್ತು ನಾನಿರಲಿಲ್ಲ.

ಎತ್ತರದ ಆಳು, ಕೃಶ ಶರೀರ, ಎಡಕ್ಕೆ ವಾಲಿದ ಕತ್ತು. ಬಲಗಿವಿ ಸದಾ ಒಂದು ಗೇಣು ಮುಂದೆ ನಡೆಯುತ್ತಿತ್ತು, ಉಳಿದ ದೇಹ ಅದನ್ನು ಹಿಂಬಾಲಿಸುತ್ತಿತ್ತು. ಬೂಟು ಹಾಕಿದರೆ ತಮ್ಮ ಹೆಜ್ಜೆಯ ಸದ್ದೇ ಅಡ್ಡ ಬರುತ್ತದೆಂದು ಇಪ್ಪತ್ತೆಂಟು ವರ್ಷ ರಬ್ಬರ್ ಚಪ್ಪಲಿಯಲ್ಲೇ ನೌಕರಿ ಮಾಡಿದರು. ಇನ್‌ಸ್ಪೆಕ್ಷನ್ ದಿನವೂ ಅದೇ. ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಒಂದಷ್ಟು ಹಳೆಯ ಬಸ್ ಟಿಕೀಟು. ಆ ಟಿಕೀಟುಗಳ ಬೆನ್ನಿನ ಮೇಲೆ ಅವರ ಸಣ್ಣ ಅಕ್ಷರಗಳ ಬರಹವಿರುತ್ತಿತ್ತು. "ಗಿಣಿಗೇರಾ ಸ್ಟಾಪು, ಫ್ಯಾಕ್ಟರಿ ಪಾಳಿ ಮುಗಿಸಿ ಹತ್ತಿದವನು: ವೀಜ್. ಎರಡನೇ ಮೆಟ್ಟಿಲ ಮೇಲೆ." "ಯಲಬುರ್ಗಾ ಆಸ್ಪತ್ರೆ, ಹಲ್ಲು ಕೀಳಿಸಿಕೊಳ್ಳಲು ಬಂದ ಅಜ್ಜ: ಒಳಗೆ ಹೋಗುವ ಮೊದಲೇ ವಿಂಪರ್."

ಈ ಹವ್ಯಾಸಕ್ಕೆ ಕಾರಣವಾದದ್ದು ಒಂದು ಗೈಡು. ನಮ್ಮ ಮಕ್ಕಳು ಪಠ್ಯಪುಸ್ತಕಕ್ಕಿಂತ ಹೆಚ್ಚು ನಂಬುವ ಆ ಗೈಡಿನ ಶಬ್ದಾರ್ಥದ ಪಟ್ಟಿಯಲ್ಲಿ ಗ್ರೋನ್, ಮೋನ್, ಗ್ರಂಟ್, ವಿಂಪರ್ ಎಂಬ ನಾಲ್ಕಕ್ಕೂ ಎದುರಿಗೆ "ನರಳು" ಎಂದು ಅಚ್ಚಾಗಿತ್ತು. ಅದನ್ನು ಹಿಡಿದುಕೊಂಡು ಅವರು ನನ್ನ ಮೇಜಿಗೆ ಬಂದರು. ನಾನು ಕನ್ನಡ ಕಲಿಸುವವನು.

"ನಿಮ್ಮ ಕನ್ನಡದ ಮರ್ಯಾದಿ ತಗದಾನ ನೋಡ್ರಿ ಇವ. ನಾಕು ಮಂದಿಗೆ ಒಂದ ಅಂಗಿ ತೊಡಿಸ್ಯಾನ."

ಅಂದಿನಿಂದ ನಮ್ಮ ಮಧ್ಯಾಹ್ನದ ಊಟದ ಹೊತ್ತು ಈ ಅಂಗಿಗಳನ್ನು ಹೊಲಿಯುವುದರಲ್ಲೇ ಹೋಯಿತು. ಮುಲುಗು, ತಿಣುಕು, ತೇಕು, ಬಿಕ್ಕು, ಕುಂಯ್‌ಗುಡು ಎಂದು ನಾನು ಒಂದೊಂದನ್ನೇ ಮುಂದಿಡುತ್ತಿದ್ದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಕಣ್ಣು ಮುಚ್ಚಿ, ಆ ಸದ್ದನ್ನು ತಮ್ಮ ಗಂಟಲಲ್ಲೇ ಮಾಡಿ ನೋಡಿ, ಒಪ್ಪುತ್ತಿದ್ದರು ಇಲ್ಲವೇ ತಲೆಯಾಡಿಸುತ್ತಿದ್ದರು. ಅಡುಗೆಯ ಮೆಹಬೂಬಬೀ ಒಂದು ದಿನ ಗಾಬರಿಯಿಂದ ನೀರಿನ ತಂಬಿಗೆ ಹಿಡಿದು ಓಡಿ ಬಂದಳು. "ಏನಿಲ್ಲವಾ, ಸರ್ ಮೋನ್ ಮಾಡಾಕತ್ತಾರ" ಎಂದೆ. "ಊಟ ಮಾಡೂ ಮುಂದ ಬ್ಯಾರೆ ಏನಾರ ಮಾಡ್ರಿ" ಎಂದು ಬೈದು ಹೋದಳು.

ಅವರ ವಿವರಣೆ ಯಾವ ನಿಘಂಟಿನಲ್ಲೂ ಇರಲಿಲ್ಲ. ಭಾರ ಎತ್ತುವವನದು ಗ್ರಂಟ್, ಭಾರ ಇಳಿಸಿದ ಮೇಲಿನದು ಗ್ರೋನ್. ಮೈಯೇ ಭಾರವಾದಾಗ ಮೋನ್, ಉಸಿರೇ ಭಾರವಾದಾಗ ವೀಜ್. ವಿಂಪರ್ ಎಂದರೆ ಎಲ್ಲಿ ಯಾರಿಗಾದರೂ ಕೇಳಿಸೀತೋ ಎಂದು ಹೆದರಿ ಅಳುವುದು. ಮಕ್ಕಳು ಇದನ್ನು ಬಾಯಿಪಾಠ ಮಾಡುವುದು ಅವರಿಗೆ ಬೇಡವಾಗಿತ್ತು. ಪದಕ್ಕೆ ಮೊದಲು ಸದ್ದು ಕಿವಿಗೆ ಬೀಳಬೇಕು ಎನ್ನುತ್ತಿದ್ದರು. ಅದಕ್ಕಾಗಿಯೇ ಎಂಟು ವರ್ಷದ ಹಿಂದಿನ ಒಂದು ಶನಿವಾರ, ಬೆಳಗಿನ ಸಾಲೆ ಮುಗಿದ ಮೇಲೆ, ಒಂಬತ್ತನೆಯ ತರಗತಿಯ ಮಕ್ಕಳನ್ನು ತಾವರಗೇರಾ ರಸ್ತೆಯಲ್ಲಿ ಕಾಳು ಕೊಂಡು ಮಾರುವ ಅಡತಿಗೆ ಕರೆದೊಯ್ದರು. ನಾನೂ ಜೊತೆಗಿದ್ದೆ. ಮೆಕ್ಕೆಜೋಳದ ಸುಗ್ಗಿ, ಲಾರಿಗೆ ಚೀಲ ತುಂಬುತ್ತಿದ್ದರು. ಹಮಾಲರಿಗೆ ಕೆಲಸ ಹಂಚುವ ಮುಕಾದಮ ಉಮರಸಾಬ ನಗುತ್ತ ಒಪ್ಪಿಗೆ ಕೊಟ್ಟ. ನಲವತ್ತು ಮಕ್ಕಳು ನೋಟ್‌ಬುಕ್ ಬಿಚ್ಚಿಕೊಂಡು ಕಟ್ಟೆಯ ಮೇಲೆ ಸಾಲಾಗಿ ಕೂತರು.

ಅಲ್ಲಿ ಕೆಲಸ ನಡೆಯುವುದು ಹೀಗೆ: ಇಬ್ಬರು ಚೀಲದ ಎರಡು ತುದಿ ಹಿಡಿದೆತ್ತಿ, ಬಾಗಿ ನಿಂತವನ ಬೆನ್ನಿಗೆ ಕೊಡುತ್ತಾರೆ, ಅವನು ಹಲಗೆಯೇರಿ ಲಾರಿಯೊಳಗೆ ಹಾಕುತ್ತಾನೆ. ಹೊರುವವರಲ್ಲಿ ಮುಂದಾಳು ಪಕೀರಪ್ಪ, ಗಟ್ಟಿ ಆಳು, ಮೂವತ್ತೈದರ ಆಸುಪಾಸು. ಅವನ ಮಗಳು ರೂಪಾ ಅದೇ ತರಗತಿಯವಳು, ಕಟ್ಟೆಯ ಮೇಲೆ ಕೂತಿದ್ದಳು. ಮೊದಲ ಚೀಲ ಬೆನ್ನಿಗೆ ಬಿದ್ದಾಗ ಪಕೀರಪ್ಪ "ಹುಂಫ್" ಎಂದ. ಮಕ್ಕಳು ಕಿಸಕ್ಕನೆ ನಕ್ಕು, ಬಗ್ಗಿ ಬರೆದುಕೊಂಡರು. ರೂಪಾ ತಲೆ ತಗ್ಗಿಸಿದಳು. ಪಕೀರಪ್ಪ ಅದನ್ನು ಕಂಡ. ಎರಡನೆಯ ಚೀಲಕ್ಕೆ ಅವನ ಸದ್ದು ಸಣ್ಣದಾಯಿತು, ಮೂರನೆಯದಕ್ಕೆ ಇನ್ನೂ ಸಣ್ಣದು, ನಾಲ್ಕನೆಯದಕ್ಕೆ ತುಟಿ ಬಿಗಿದ. ಚೀಲ ಎತ್ತಿಕೊಟ್ಟವರಲ್ಲಿ ಒಬ್ಬ ಕೈ ಬಿಟ್ಟ, ಇನ್ನೊಬ್ಬ ಬಿಡಲಿಲ್ಲ. ಅರವತ್ತು ಕಿಲೋ ಓರೆಯಾಗಿ ಅವನ ಸೊಂಟದ ಮೇಲೆ ಬಂತು. ಅವನು ಮಂಡಿಯೂರಿ ಕೂತುಬಿಟ್ಟ; ಆಗಲೂ ಬಾಯಿ ಬಿಡಲಿಲ್ಲ.

ಟಂಟಂ ಗಾಡಿಯಲ್ಲಿ ಅವನನ್ನು ಮಲಗಿಸಿದ ಮೇಲೆ ಉಮರಸಾಬ ನಮ್ಮ ಕಡೆ ಬಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಇದ್ದಿದ್ದರೆ ಚೆನ್ನಾಗಿತ್ತು.

"ಸರ, ಅದು ನರಳೂದಲ್ರಿ. ಅದು ಮಾತು. 'ಬಂತು, ಬಿಡ್ರಿ' ಅಂತ. ಹೊರಾವ ಹುಂ ಅಂದಾಗ ಎತ್ತಾವ್ರು ಕೈ ಬಿಡಬೇಕು. ಅಂವ ಅನ್ಲಿಲ್ಲ, ಇವ್ರಿಗೆ ತಿಳೀಲಿಲ್ಲ."

"ಯಾಕ ಅನ್ಲಿಲ್ಲ?" ಎಂದೆ ನಾನು, ಮೂರ್ಖನಂತೆ.

"ಮಗಳ ಗೆಳತೇರು ನಗಾಕತ್ತಿದ್ರಲ್ರಿ."

ಹುಚ್ಚೀರಪ್ಪ ಮಾಸ್ತರರು ಮಕ್ಕಳ ನಡುವೆ ಹೋಗಿ ಒಂದೊಂದೇ ನೋಟ್‌ಬುಕ್ ತೆಗೆದುಕೊಂಡು, ಬರೆದಿದ್ದ ಹಾಳೆಯನ್ನು ಹರಿದು, ಮಡಚಿ, ಜೇಬಿಗಿಟ್ಟುಕೊಂಡರು. ಸೋಮವಾರ ತರಗತಿಯಲ್ಲಿ ಹಲಗೆಯ ಮೇಲೆ ತಾವೇ ಬರೆದಿದ್ದ ನೋವಿನ ಸದ್ದುಗಳ ಪಟ್ಟಿಯಿಂದ ಗ್ರಂಟ್ ಎಂಬುದನ್ನು ಎಲ್ಲರೆದುರು ಒರೆಸಿ, "ಇದು ಇಲ್ಲಿಗೆ ಸೇರಿದ್ದಲ್ಲ. ರೂಪಾನ ಅಪ್ಪ ಕೆಲಸ ಮಾಡೂ ಮುಂದ ಆಡೂ ಮಾತು ಇದು. ನನಗ ಗೊತ್ತಿರಲಿಲ್ಲ, ನಿಮಗ ತಪ್ಪ ಕಲಿಸಿದೆ" ಎಂದರು. ರೂಪಾ ಆ ದಿನ ಬಂದಿರಲಿಲ್ಲ. ಅವಳು ಬಂದ ದಿನ ಅದನ್ನೇ ಮತ್ತೊಮ್ಮೆ, ಹಲಗೆಯ ಮೇಲೆ ಬರೆದು, ಒರೆಸಿ ಹೇಳಿದರು.

ಕೊಪ್ಪಳದ ಡಾಕ್ಟರು ಇನ್ನು ಬೆನ್ನಿನ ಮೇಲೆ ಭಾರ ಹೊರುವಂತಿಲ್ಲ ಎಂದರು. ಹಮಾಲನಿಗೆ ಇದಕ್ಕಿಂತ ದೊಡ್ಡ ಮಾತು ಯಾವುದು? ಅಡತಿಯಲ್ಲಿ ಹನ್ನೆರಡು ಪಾಳಿ. ಪಾಳಿ ಎಂದರೆ ಗುಂಪಿನಲ್ಲೊಂದು ಜಾಗ. ಯಾರಾದರೂ ಜಡ್ಡಿಗೆ ಬಿದ್ದರೆ ರವಿವಾರದ ಸಂತೆಯ ದಿನ ಅವನ ಬದಲು ಅಣ್ಣನೋ ತಮ್ಮನೋ ಬಂದು ನಿಲ್ಲಬೇಕು. ಏನೇ ಕೆಲಸ ಮಾಡಲಿ, ನಿಂತರೆ ಸಾಕು, ಪಾಳಿ ಉಳಿಯುತ್ತದೆ. ಮೂರು ಸಂತೆ ಖಾಲಿ ಬಿದ್ದರೆ ಬೇರೆಯವನದು. ಪಕೀರಪ್ಪನಿಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಎರಡು ಸಂತೆ ಖಾಲಿ ಹೋದವು.

ಮೂರನೆಯ ರವಿವಾರ ರಬ್ಬರ್ ಚಪ್ಪಲಿಯ ಮಾಸ್ತರರು ಅಡತಿಗೆ ಹೋಗಿ ಉಮರಸಾಬನ ಎದುರು ನಿಂತರು.

"ಪಕೀರಪ್ಪನ ಪಾಳ್ಯಾಗ ಅಣ್ಣ ಅಂತ ನಾ ನಿಂದರತೇನಿ."

"ಚೀಲ ಎತ್ತಾಕ ಆಕ್ಕೈತೇನ್ರಿ ಸರ ನಿಮಗ?"

"ಆಗಾಂಗಿಲ್ಲ. ಬಾಯಿ ಹೊಲಿಯಾಕ ಕಲಿತೇನಿ."

ಐವತ್ತೆರಡನೆಯ ವಯಸ್ಸಿನಲ್ಲಿ ಅವರು ದಬ್ಬಣ ಹಿಡಿದರು. ತುಂಬಿದ ಚೀಲದ ಬಾಯಿಯನ್ನು ಸುತಳಿಯಿಂದ ಹೊಲಿಯುವ ಆ ಕೆಲಸ ನೋಡಲು ಸುಲಭ. ಒಂದು ತಾಸಿಗೆ ಬೆರಳು ಒಡೆಯುತ್ತದೆ. "ಇಂಗ್ಲಿಷ್ ಹಮಾಲ್ರು ಬಂದ್ರು, ಸುತಳಿ ಕೊಡ್ರೋ" ಎಂದು ಹಮಾಲರು ನಗುತ್ತಿದ್ದರು. ಹೆಡ್‌ಮಾಸ್ತರರು ಸ್ಟಾಫ್‌ರೂಮಿನಲ್ಲಿ ಎಚ್ಚರಿಸಿದರು: "ಸರಕಾರಿ ನೌಕರರು ನೀವು. ನೋಟೀಸ್ ಬಂದ್ರ ನಾ ಏನ ಬರೀಲಿ?" "ರವಿವಾರ ಹೊಲಿಗಿ ಕಲಿಯಾಕ ಹೋಗ್ಯಾನ ಅಂತ ಬರೀರಿ" ಎಂದು ಉತ್ತರ ಬಂತು. ಪಾಳಿಯ ಪಾಲನ್ನು ಉಮರಸಾಬ ನೇರವಾಗಿ ಪಕೀರಪ್ಪನ ಮನೆಗೆ ಮುಟ್ಟಿಸುತ್ತಿದ್ದ. ಸೋಮವಾರ ಬಟ್ಟೆ ಸುತ್ತಿದ ಬೆರಳುಗಳಿಂದ ಚಾಕ್‌ಪೀಸ್ ಹಿಡಿದು ಅವರು ಬರೆಯುವ ಅಕ್ಷರ ಅಗಲವಾಗಿ, ಮಕ್ಕಳ ಅಕ್ಷರದಂತೆ ಕಾಣುತ್ತಿತ್ತು.

ಉಳಿದ ದಿನಗಳಲ್ಲಿ ಸಾಲೆ ಬಿಟ್ಟ ಮೇಲೆ ಅವರು ಹೋಗುತ್ತಿದ್ದದ್ದು ಪಕೀರಪ್ಪನ ಮನೆಗೆ. ಕೆಲವು ಸಂಜೆ ನಾನೂ ಹೋಗಿದ್ದೇನೆ. ಆತ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಇವರು ಹೊಸ್ತಿಲ ಬಳಿ ಕೂತಿರುತ್ತಿದ್ದರು. ಮಾತಿಲ್ಲ. ಹೆಂಡತಿ ಸುಂಕಲಮ್ಮ ಚಹಾ ಇಟ್ಟು ಹೋಗುತ್ತಿದ್ದಳು. ಎರಡು ತಿಂಗಳ ಮೇಲೆ ಒಂದು ಸಂಜೆ ಗೋಡೆಯ ಕಡೆಯಿಂದಲೇ ದನಿ ಬಂತು.

"ಮಾಸ್ತರ, ಇವತ್ತ ಯಾ ಸದ್ದು ಬರಕೊಂಡು ಹೋಗಾಕ ಬಂದೀರಿ?"

"ಏನೂ ಬರಕೊಳ್ಳಾಂಗಿಲ್ಲಪಾ. ಪೆನ್ ಸಾಲ್ಯಾಗ ಇಟ್ಟು ಬಂದೇನಿ."

"ಮತ್ಯಾಕ ಬಂದೀರಿ?"

ಮಾಸ್ತರರು ಮರುದಿನವೂ ಹೋದರು.

ಎಲ್ಲ ಕೆಲಸದಂತೆ ಈ ಹೊಲಿಗೆಯಲ್ಲೂ ಅವರು ನಿಪುಣರಾದರು ಎಂದು ಬರೆಯಲು ನನಗೂ ಆಸೆಯಿದೆ. ಆಗಲಿಲ್ಲ. ಕಣ್ಣು ಮಂದ, ಕೈ ನಿಧಾನ. ಅವರು ಹೊಲಿದ ಚೀಲಗಳನ್ನು ಉಮರಸಾಬ ಕದ್ದುಮುಚ್ಚಿ ಮತ್ತೊಮ್ಮೆ ಹೊಲಿಸುತ್ತಿದ್ದದ್ದು ನನಗೆ ಗೊತ್ತಿತ್ತು. ಎರಡನೆಯ ವರ್ಷದ ಕಡಲೆ ಸುಗ್ಗಿಯಲ್ಲಿ ಒಂದು ರವಿವಾರ ಪಕೀರಪ್ಪ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ರೂಪಾಳ ಭುಜ ಹಿಡಿದು, ನಡೆದು ಬಂದ. ಹಮಾಲರು ಚೀಲ ಇಳಿಸಿ ನಿಂತರು. ಅವನು ಮಾಸ್ತರರ ಬೆನ್ನ ಹಿಂದೆ ಬಹಳ ಹೊತ್ತು ನಿಂತು ನೋಡಿದ.

"ಹೊಲಿಗಿ ದೂರ ದೂರ ಬಿದ್ದಾವ್ರಿ ಮಾಸ್ತರ. ಗಂಗಾವತಿ ಮುಟ್ಟೂದ್ರಾಗ ಅರ್ಧ ಚೀಲ ಕಡ್ಲಿ ರಸ್ತಾದಾಗ ಇರತಾವ."

"ಹೌದೇನು?"

"ಸರೀರಿ ಆ ಕಡೆ."

ಮಾಸ್ತರರು ಸರಿದರು. ಪಕೀರಪ್ಪ ಮೆಲ್ಲಗೆ, ಗೋಣಿತಟ್ಟಿನ ಅಂಚು ಹಿಡಿದು ಕೂತು, ಅವರ ಕೈಯಿಂದ ದಬ್ಬಣ ತೆಗೆದುಕೊಂಡು, ಇಡೀ ಹೊಲಿಗೆ ಬಿಚ್ಚಿ ಮೊದಲಿನಿಂದ ಶುರು ಮಾಡಿದ. ಅಂದಿನಿಂದ ಆ ಪಾಳಿ ಹೊಲಿಯುವವನ ಪಾಳಿಯಾಯಿತು, ಇವತ್ತಿಗೂ ಅವನದೇ. ಮಾಸ್ತರರು ಮಾತ್ರ ರವಿವಾರ ಹೋಗುವುದನ್ನು ಬಿಡಲಿಲ್ಲ. ಸುತಳಿ ಕತ್ತರಿಸಿ ಕೊಡುತ್ತ, ಪಕ್ಕದಲ್ಲಿ ಕೂತು, ಅವನಿಂದ ಬೈಸಿಕೊಳ್ಳುತ್ತಿದ್ದರು. ಸದ್ದುಗಳ ಮೇಲಿನ ಪ್ರೀತಿಯೇನೂ ಹೋಗಲಿಲ್ಲ. ಬಸ್ ಟಿಕೀಟುಗಳು ಮತ್ತೆ ಜೇಬು ಸೇರಿದವು. ಆದರೆ ಪಾಠ ಬದಲಾಯಿತು: ಮಕ್ಕಳು ನೀರು ತುಂಬಿದ ಕೊಡವನ್ನು ತಾವೇ ಎತ್ತಿ, ಮೈದಾನ ಸುತ್ತಿ, ಇಳಿಸಿ, ತಮ್ಮ ಗಂಟಲಿನಿಂದ ಬಂದದ್ದಕ್ಕೆ ಮಾತ್ರ ಇಂಗ್ಲಿಷಿನಲ್ಲಿ ಹೆಸರು ಹುಡುಕಬೇಕಾಗಿತ್ತು. ಮಾಸ್ತರರೂ ಒಂದು ಕೊಡ ಹೊರುತ್ತಿದ್ದರು. ಅವರದು ಬರೀ ವೀಜ್ ಎಂದು ಮಕ್ಕಳು ತೀರ್ಪು ಕೊಟ್ಟಿದ್ದರು.

ಅವರು ತೀರಿಕೊಂಡ ಮೇಲಿನ ಎರಡನೆಯ ರವಿವಾರ ನಾನು ಅಡತಿಗೆ ಹೋದೆ. ಮನೆಯಲ್ಲಿ ಕೂರಲಾಗಲಿಲ್ಲ, ಅಷ್ಟೆ. ಪಕೀರಪ್ಪ ಹೊಲಿಯುತ್ತಿದ್ದ. ತಲೆ ಎತ್ತಿ ನೋಡಿ, ಪಕ್ಕದ ಗೋಣಿತಟ್ಟನ್ನು ಕೊಡವಿ ಹಾಸಿದ. ಕೂತೆ. ಸುತಳಿ ಕತ್ತರಿಸಿ ಕೊಟ್ಟೆ. ನಾಲ್ಕೈದು ಚೀಲ ಆದ ಮೇಲೆ ಅವನೇ ಮಾತು ತೆಗೆದ.

"ಎರಡು ವರ್ಷ ದಿನಾ ಮನಿಗೆ ಬಂದ್ರು ಸರ ಅವ್ರು. ಒಂದ ದಿನಾನೂ 'ತಪ್ಪಾತಪಾ, ಕ್ಷಮಾ ಮಾಡು' ಅನ್ಲಿಲ್ಲ."

ನನಗೆ ಅದು ಹೊಳೆದೇ ಇರಲಿಲ್ಲ. ತರಗತಿಯಲ್ಲಿ ಮಕ್ಕಳೆದುರು ಎರಡು ಸಲ ತಪ್ಪೊಪ್ಪಿಕೊಂಡವರು ಇವನೆದುರು ಆ ಮಾತನ್ನು ಬಾಯಿಗೆ ತಂದಿರಲಿಲ್ಲ.

"ಬ್ಯಾಸರ ಆಗಿತ್ತೇನು ನಿನಗ?"

"ಮೊದ್ಲ ಆಗಿತ್ರಿ. ಯಾವಾಗ ಅಂತಾರ ನೋಡೂಣು ಅಂತ ಗ್ವಾಡಿ ಕಡೆ ಮಾರಿ ಮಾಡಿ ಕಾದೇನಿ." ದಬ್ಬಣವನ್ನು ಒಳಗೆ ತೂರಿಸಿ ಎಳೆದ. "ಅಂದಿದ್ರ ನಾ ಅವತ್ತ 'ಆತು ಹೋಗ್ರಿ ಸರ' ಅಂತಿದ್ದೆ. ಅವ್ರು ಹೋಗಿಬಿಡ್ತಿದ್ರು."

ಇನ್ನೊಬ್ಬರಿಗೆ ನೋವು ಮಾಡಿದ ಮೇಲೆ ನಾವು ಬಹುಪಾಲು ಜನ ಆತುರದಿಂದ ಕ್ಷಮೆ ಕೇಳುತ್ತೇವೆ. ಸಜ್ಜನಿಕೆಯೆಂದು ಅದನ್ನು ಕರೆಯುವುದೂ ಉಂಟು. ಆ ಕೋರಿಕೆಯೊಳಗೆ ಹೊರಡಲು ಅಪ್ಪಣೆ ಕೇಳುವ ಅವಸರವೂ ಇರುತ್ತದೆ ಎಂಬುದು ನನಗೆ ಐವತ್ತೇಳು ವರ್ಷದವರೆಗೆ ತಿಳಿದಿರಲಿಲ್ಲ. ಅಪರೂಪಕ್ಕೆ ಕೆಲವರು ಆ ಅಪ್ಪಣೆ ಕೇಳುವುದಿಲ್ಲ. ಅವರಿಗೆ ಹೋಗುವ ಮನಸ್ಸಿರುವುದಿಲ್ಲ. ಹೊಸ್ತಿಲ ಬಳಿ ಸುಮ್ಮನೆ ಕೂತು, ಬಾರದ ಕೆಲಸವನ್ನು ಬೆರಳು ಒಡೆಯುವಂತೆ ಮಾಡುತ್ತ, ಆ ಕಡೆ ಸರಿಯಿರಿ ಎಂದಾಗ ಅಷ್ಟೇ ದೂರ ಸರಿದು, ಅಲ್ಲೇ ಉಳಿಯುತ್ತಾರೆ.